ಲೈಟಿಗೆ ಸಿಗದ ಮಾಮಿ

ಕಪಾಟಿನ ತಳದಲ್ಲಿದ್ದ ನನ್ನ ಮದುವೆಯ ವಿಡಿಯೋ ಕ್ಯಾಸೆಟ್ಟಿನ ಡಬ್ಬಿ ತೆರೆದ ಕೂಡಲೇ ಮೂಗಿಗೆ ಬಡಿದದ್ದು ನುಸಿಗುಳಿಗೆ ಮತ್ತು ಬೂಷ್ಟಿನ ವಾಸನೆ. ಮುಂಬಯಿಯ ಮಳೆಗಾಲ ಯಾವುದನ್ನು ತಾನೇ ಬಿಟ್ಟಿದೆ? ಆ ವಾಸನೆಯ ಹಿಂದೆಯೇ ಎದುರುಮನೆ ಮಾಮಿ ನೆನಪಾದರು. ಅವರ ಕಂದು ಸೀರೆ ನೆನಪಾಯಿತು, ಕೊಬ್ಬರಿ ಎಣ್ಣೆಯ ಕೈ ನೆನಪಾಯಿತು. ಮುಖ ಮಾತ್ರ... ಎಷ್ಟು ಹೊತ್ತು ಕೂತರೂ ಬರಲಿಲ್ಲ. ನನಗೆ ಭಯವೇ ಆಯಿತು.

ಎಪ್ಪತ್ತು ಎಂಬತ್ತರ ದಶಕದಲ್ಲಿ ನಾವು ಮಲಾಡಿನ ಒಂದು ಬಿಲ್ಡಿಂಗಿನಲ್ಲಿದ್ದೆವು. ಮೈಸೂರು ಕಡೆಯಿಂದ ಬಂದ ಅಪ್ಪ ಅಮ್ಮ ಇಬ್ಬರಿಗೂ ಚರ್ಚ್‌ಗೇಟಿನಲ್ಲಿ ಆಫೀಸು. ಬೆಳಿಗ್ಗೆ ಲೋಕಲ್ ಹಿಡಿಯಲು ಓಡಿದರೆ ಬರುವುದು ಕತ್ತಲಾದ ಮೇಲೆ. ನನ್ನನ್ನು ಬೆಳೆಸಿದ್ದು ಎದುರುಮನೆ ಮಾಮಿಯೇ ಅನ್ನಬೇಕು. ಉಡುಪಿಯವರು. ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಅವರ ಗಂಡ ನಾನು ಹುಟ್ಟುವ ಮೊದಲೇ ತೀರಿಹೋಗಿದ್ದರು. ಮಕ್ಕಳಿರಲಿಲ್ಲ. ಗಂಡ ಹೋದ ಮೇಲೆ ಆ ಪುಣ್ಯಾತ್ಗಿತ್ತಿ ಒಂದು ಫೋಟೋಕ್ಕೂ ನಿಂತವರಲ್ಲ. ಯಾರಾದರೂ ಕ್ಯಾಮೆರಾ ತೆಗೆದರೆ ಸಾಕು, ಒಲೆ ಮೇಲೆ ಏನೋ ಇದೆ ಅಂತ ಎದ್ದು ಹೋಗುತ್ತಿದ್ದರು.

ತೊಂಬತ್ತರ ಶುರುವಿನಲ್ಲಿ ನನ್ನ ಮದುವೆಯಾಯಿತು. ನನ್ನ ತಲೆಗೆ ಮೊಗ್ಗಿನ ಜಡೆ ಹೆಣೆದವರು ಮಾಮಿ, ಚಿರೋಟಿಯ ಮೇಲ್ವಿಚಾರಣೆ ಮಾಮಿಯದು, ಅಕ್ಷತೆ ಕಲಸಿದ್ದೂ ಅವರೇ. ಮಂಟಪದ ಹತ್ತಿರ ಬನ್ನಿ ಅಂತ ಗೋಗರೆದೆ. ಅವರು ಅಡುಗೆಮನೆ ಬಾಗಿಲಿನಿಂದ ಕದಲಲಿಲ್ಲ.

"ಮುಹೂರ್ತದ ಹೊತ್ತಿಗೆ ನಾನು ಎದುರು ಬರುವುದು ಬೇಡ ಮಾರಾಯ್ತಿ. ಇಲ್ಲಿಂದಲೇ ಕಾಣ್ತದೆ ನನಗೆ."

ಎಂಥಾ ಸುಡುಗಾಡು ಶಾಸ್ತ್ರ! ಈಗಲೂ ನೆನೆದರೆ ಮೈ ಉರಿಯುತ್ತದೆ.

ವಿಡಿಯೋದವನ ಜೊತೆ ಒಬ್ಬ ದೊಡ್ಡ ಲೈಟು ಹಿಡಿದು ವೈರು ಎಳೆಯುತ್ತಾ ತಿರುಗುತ್ತಿದ್ದ. ಲೈಟು ಬಿದ್ದಲ್ಲೆಲ್ಲ ನಮ್ಮ ನೆಂಟರು ಫೋಟೋಕ್ಕೆ ನಿಂತ ಹಾಗೆ ಉಸಿರು ಬಿಗಿಹಿಡಿದು ನಿಂತುಬಿಡೋರು. ಹಿಲೋ, ಹಿಲೋ, ಫೋಟೋ ನಹೀ ಹೈ ಅಂತ ಆತ ಬಡಕೊಂಡರೂ ಒಬ್ಬರೂ ಅಲ್ಲಾಡಲಿಲ್ಲ. ಮಾಮಿಯೊಬ್ಬರೇ, ಲೈಟು ತಮ್ಮ ಕಡೆ ತಿರುಗಿತೋ ಇಲ್ಲವೋ, ಸರಕ್ಕನೆ ಸರಿದುಬಿಡುತ್ತಿದ್ದರು.

ನಾನು ಗಂಡನ ಮನೆಗೆಂದು ಬೊರಿವಲಿಗೆ ಬಂದೆ. ಮಾಮಿ ಊರಿಗೆ ಅಣ್ಣನ ಮನೆಗೆ ಹೋದರು, ಅಲ್ಲೇ ತೀರಿಕೊಂಡರು. ಅಲ್ಲಿಯೂ ವಿಚಾರಿಸಿದೆ, ಒಂದು ಫೋಟೋ ಇಲ್ಲವಂತೆ. ಇನ್ನು ಉಳಿದದ್ದು ಈ ಕ್ಯಾಸೆಟ್ಟು.

ಮಗಳಿಗೆ ವಿಡಿಯೋ ಎಡಿಟಿಂಗೇ ಕೆಲಸ. ಕ್ಯಾಸೆಟ್ಟಿನ ಬೂಷ್ಟು ತೆಗೆಸಿ ಕಂಪ್ಯೂಟರಿಗೆ ಹಾಕಿಸಿದಳು. ಮಾಮಿ ಅಲ್ಲಲ್ಲಿ ಇದ್ದರು, ಆದರೆ ಮುಖದ ತುಂಬಾ ಬಾಚಣಿಗೆಯ ಹಲ್ಲಿನಂಥ ಗೆರೆ. ಆ ಕಾಲದ ವಿಡಿಯೋ ಒಂದೊಂದು ಚಿತ್ರವನ್ನೂ ಎರಡು ಪಾಲು ಮಾಡಿ ಹಿಡಿಯುತ್ತಿತ್ತಂತೆ, ಒಂದು ಗೆರೆ ಬಿಟ್ಟು ಒಂದು ಗೆರೆ. ಒಂದು ಪಾಲು ಹಿಡಿದು ಇನ್ನೊಂದು ಹಿಡಿಯುವಷ್ಟರಲ್ಲಿ ಮನುಷ್ಯ ಸರಿದರೆ ಎರಡೂ ಕೂಡಿಕೊಳ್ಳುವುದಿಲ್ಲ. ನಿಂತವರದ್ದು ಸರಿಯಾಗಿ ಬರುತ್ತದೆ. ಹಾಗಾಗಿ ಒಂದು ಕಡ್ಡಿ ಎತ್ತಿ ಆಚೆ ಇಡದ ದೊಡ್ಡಪ್ಪಂದಿರೆಲ್ಲ ಮೀಸೆಯ ಕೂದಲು ಎಣಿಸುವ ಹಾಗೆ ಬಂದಿದ್ದರು.

ಗೆರೆ ತೆಗೆದು ದೊಡ್ಡದು ಮಾಡಿಕೊಡು ಅಂದೆ. ಕಂಪ್ಯೂಟರು ಮಧ್ಯಾಹ್ನವೆಲ್ಲ ಗುಂಯ್‌ಗುಟ್ಟಿತು. ಆಮೇಲೆ ಮಗಳು ಕರೆದಳು. ಮುಹೂರ್ತದ ಗಳಿಗೆ. ಹಿಂದೆ, ಅಡುಗೆಮನೆ ಬಾಗಿಲಲ್ಲಿ ಕೈ ಎತ್ತಿದ ಒಬ್ಬ ಹೆಂಗಸು. ಸ್ವಚ್ಛವಾದ ಮುಖ, ಜೋಡಿಸಿಟ್ಟ ಹಾಗೆ ಹಲ್ಲು. ಮಾಮಿಗೆ ಮುಂದಿನ ಒಂದು ಹಲ್ಲು ಓರೆ ಇತ್ತು, ಅಷ್ಟು ನನಗೆ ಗೊತ್ತು. ಇವರು ಯಾರೋ.

"ಇದು ಅವರಲ್ಲ ಕಣೇ."

"ಇಲ್ಲದ್ದು ಎಲ್ಲ ಕಂಪ್ಯೂಟರೇ ತುಂಬತ್ತೆ ಮಮ್ಮಿ... ಅಂದಾಜ್ ಸೇ."

ಹಳೆಯದನ್ನೇ ಹಾಕಿಸಿ ಪಕ್ಕದಲ್ಲಿಟ್ಟು ನೋಡಿದೆ. ಅದರಲ್ಲಿ ಮುಖವಿಲ್ಲ, ಆದರೆ ಆ ಕೈಯಿಂದ ಸಣ್ಣ ಚುಕ್ಕೆಗಳು ಹಾರುತ್ತಿದ್ದವು. ಅಕ್ಷತೆ! ಮಂಟಪಕ್ಕೆ ಮುಟ್ಟುವುದಿಲ್ಲ ಅಂತ ಗೊತ್ತಿದ್ದೂ ಅಲ್ಲಿಂದಲೇ ನನಗೆ ಅಕ್ಷತೆ ಹಾಕಿದ್ದರು. ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ. ಹೊಸದರಲ್ಲಿ ಕೈ ಬರಿದು. ಅಕ್ಷತೆ ಏನಾಯಿತು ಅಂತ ಕೇಳಿದೆ.

"ಟೇಪಿನ ಮೇಲಿನ ಕಸ-ಕಚರಾ ಅಂದ್ಕೊಂಡು ಅದೇ ಸಾಫ್ ಮಾಡಿಬಿಟ್ಟಿದೆ, ಮಮ್ಮಿ."

ಹೊಸದನ್ನು ಅಳಿಸಿಹಾಕು ಅಂದೆ, ಅಳಿಸಿದಳು. ಹಳೆಯದು ಇದೆ, ಗೆರೆಗೆರೆಯಾಗಿ. ಏನು ಪ್ರಯೋಜನ? ಮೊದಲು ಮಾಮಿಯ ಮುಖ ಮರೆತಿತ್ತು, ಎಂದಾದರೂ ನೆನಪಾದೀತು ಅಂತಿದ್ದೆ. ಈಗ ಕಣ್ಣು ಮುಚ್ಚಿದರೆ ಆ ನೇರ ಹಲ್ಲಿನ ಹೆಂಗಸು ಬಂದು ನಿಲ್ಲುತ್ತಾಳೆ. ಅವಳು ಸರಿಯುವುದೇ ಇಲ್ಲ.