ಅವ್ವ ಬಿಚ್ಚಿಸಿದ ಕೋಟು

ಗೆಳೆಯರೇ, ಇವತ್ತಿನ ಮೆರವಣಿಗೆಗೆ ನಮ್ಮಣ್ಣ ಮಲ್ಲೇಶಿ ಬರೀ ಬನಿಯನ್ನಿನಲ್ಲಿ ಏಕೆ ಬಂದ ಎಂದು ಎಲ್ಲರೂ ಕೇಳಿದಿರಿ. ಅವನು ಹೇಳುವುದಿಲ್ಲ. ಅದಕ್ಕೇ ನಾನು ಬರೆದು ಹಾಸ್ಟೆಲಿನ ಗೋಡೆಗೆ ಅಂಟಿಸುತ್ತಿದ್ದೇನೆ.

ಮಾನ್ವಿ ಕಡೆಯ ಕೂಲಿಕಾರರ ಪರವಾಗಿ ಕೂಗಲು ಹೋಗುವ ಮಗ ನೆಟ್ಟಗೆ ಕಾಣಲೆಂದು ಅವ್ವ ರಾಯಚೂರಿನ ಸಂತೆಯಲ್ಲಿ, ಪರದೇಶದ ಹಳೆ ಬಟ್ಟೆಗಳ ರಾಶಿಯಿಂದ ಒಂದು ಕಂದು ಕೋಟು ಆರಿಸಿ ತಂದಿದ್ದಳು. ಬೆಳಿಗ್ಗೆ ದೇವದುರ್ಗದ ಹತ್ತಿರದ ನಮ್ಮೂರಿನಲ್ಲಿ ಅಣ್ಣನೂ ನಾನೂ ಬಸ್ಸಿಗೆ ಕಾಯುತ್ತಿದ್ದೆವು; ಅವ್ವ ನಮ್ಮನ್ನು ಕಳಿಸಲು ಬಂದಿದ್ದಳು. ಊರಿನ ಸಾಹುಕಾರರು ಕಟ್ಟೆಯ ಮೇಲಿಂದಲೇ ಕೂಗಿದರು.

"ಏನಲೇ, ಕೋಟ್ ಹಾಕ್ಕೊಂಡು ಯಾರ ಮದಿವಿಗಿ ಹೊಂಟಿ?"

"ಮದಿವಿಗಲ್ರೀ, ಮೆರವಣಿಗಿಗೆ," ಎಂದ ಅಣ್ಣ.

"ನಮ್ಮ ಮುಂದ ಕೋಟ್ ಹಾಕ್ಕೊಂಡು ನಿಂದರ್ತೀಯೇನಲೇ? ತಗಿ ಅದನ್ನ!"

ಅಣ್ಣ ಕದಲಲಿಲ್ಲ. ಸಾಹುಕಾರರ ಆಳುಗಳು ಬಡಿಗೆ ಹಿಡಿದು ಎದ್ದರು. ಅಷ್ಟರಲ್ಲಿ ಅವ್ವ ಅಡ್ಡ ಬಂದು, ತಾನೇ ಕೋಟಿನ ಗುಂಡಿ ಬಿಚ್ಚತೊಡಗಿದಳು.

"ಬ್ಯಾಡ ಬೇ ಯವ್ವಾ," ಎಂದ ಅಣ್ಣ.

"ನೀ ಜೀವಂತ ಇರಬೇಕಲ್ಲೋ ಯಪ್ಪಾ," ಎಂದಳು. ಕೊನೆಯ ಗುಂಡಿ ಬಿಚ್ಚಲು ಅವಳಿಗೆ ಆಗಲೇ ಇಲ್ಲ. ಅದನ್ನು ಅಣ್ಣನೇ ಬಿಚ್ಚಿದ. ಒಳಗೆ ಅಂಗಿ ಇರಲಿಲ್ಲ.

ಬಸ್ಸು ಹೊರಟಾಗ ಅವ್ವ ಕೋಟನ್ನು ಮಡಚಿ ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದಳು. ಮೆರವಣಿಗೆಯಲ್ಲಿ ಅವನ ಗಂಟಲು ಹರಿದದ್ದನ್ನು ನೀವೇ ಕೇಳಿದ್ದೀರಿ.

ಯಾವ ದೇಶದವರೋ ಹಳೆಯದಾಯಿತೆಂದು ಎಸೆದ ಕೋಟು. ನಮ್ಮೂರಿನಲ್ಲಿ, ನಮ್ಮ ಮೈಮೇಲೆ, ಅದು ಇನ್ನೂ ತೀರಾ ಹೊಸದಂತೆ.