ಬೀಸುಕಲ್ಲಿನ ಮಾತು ನಿನ್ನದು

ನಮ್ಮ ಮನೆತನದಲ್ಲಿ ಡಿಗ್ರಿ ಆಗದ ಮಾತು ಎಂದವರು ಸೋದರಮಾವ. ಆಗಿಸಿ ತೋರಿಸಿದೆ, ಆ ಹೆಮ್ಮೆ ಇಂದಿಗೂ ಇದೆ. ಆದರೆ ಹೇಮಾ, ಕೊಟ್ಟೂರಿನ ಕಾಲೇಜಿನಲ್ಲಿ ಇಬ್ಬರೂ ಜೊತೆಗೆ ಓದುವಾಗ ನಾನು ಗೆದ್ದ ಆ ಮೊದಲ ಬಹುಮಾನ ನಿನ್ನದು. ನಿನ್ನ ಬಾಯಿಂದ ಕಿತ್ತುಕೊಂಡೆ.

ಹೊಟ್ಟೆಕಿಚ್ಚು—ಅದಕ್ಕೆ ಬೇರೆ ಹೆಸರಿಲ್ಲ. ಅಂಕ ನನಗೆ ಹೆಚ್ಚು, ತಿಳಿವಳಿಕೆ ನಿನಗೆ. ನಾನು ಬಾಯಿಪಾಠ ಮಾಡಿ ಸಾಯುತ್ತಿದ್ದೆ, ನೀನು ನಗುತ್ತಾ ಬಿಡಿಸಿ ಹೇಳುತ್ತಿದ್ದೆ. ಭಾಷಣ ಸ್ಪರ್ಧೆಗೆ ಇಬ್ಬರೂ ಕಪ್ಪು ಕುಳಿಯ ವಿಷಯವನ್ನೇ ಆರಿಸಿದ್ದೆವು. ಗೆದ್ದವರಿಗೆ ವಿಶ್ವವಿದ್ಯಾಲಯದಲ್ಲಿ ಬೇಸಿಗೆ ತರಬೇತಿ. ದೊಡ್ಡ ನಕ್ಷತ್ರದ ಉರುವಲು ತೀರಿ, ತಿರುಳು ತನ್ನ ಭಾರಕ್ಕೇ ಕುಸಿದು ಕುಳಿಯಾಗುತ್ತದೆ—ಅಷ್ಟು ನನಗೂ ಗೊತ್ತಿತ್ತು. ಅದರ ಸುತ್ತ ಬಂಗಾರದಂಥ ಧಾತುಗಳು ಹುಟ್ಟಬಹುದು ಎಂಬುದು ಮಾತ್ರ ತಲೆಗೆ ಹತ್ತಿರಲಿಲ್ಲ. ಎಲ್ಲವನ್ನೂ ನುಂಗುವಂಥದ್ದು ಕೊಡುವುದು ಹೇಗೆ?

"ಬೀಸೂಕಲ್ಲು ನೋಡಿಲ್ಲೇನಲೇ?" ಎಂದಿದ್ದೆ ನೀನು. "ಜ್ವಾಳ ತಿರುಗಿ ತಿರುಗಿ ಹಿಟ್ಟಾಗಿ ಅಂಚಿಂದ ಉದುರತೈತಿ. ಹಂಗ, ಕುಳಿ ಸುತ್ತ ಗಿರಗಿರ ತಿರುಗೋದೆಲ್ಲ ಒಳಗ ಬೀಳಂಗಿಲ್ಲ. ಒಂದಿಷ್ಟು ಹೊರಗ ಸಿಡೀತೈತಿ, ನ್ಯೂಟ್ರಾನ್ ತುಂಬಿಕೊಂಡು ಬಂಗಾರ ಆಗತೈತಿ. ಒಳಗ ಬಿದ್ದದ್ದು ಹೋತು, ಅದು ತಿರುಗಿ ಬರಂಗಿಲ್ಲ. ಕಲ್ಲಿಗೂ ಕುಳಿಗೂ ಅಷ್ಟ ಫರಕು."

ಎಂಥ ಸರಳ ಮಾತು—ನನಗೇಕೆ ಹೊಳೆಯಲಿಲ್ಲ?

"ಬೀಸೂಕಲ್ಲು ಅಂದ್ರ ನಗ್ತಾರ," ಎಂದೆ ನಾನು. "ಹಿಟ್ಟು ಬೀಸಾಕ ಬಂದಾಳ ಅಂತಾರ. ಬಿಡು ಅದನ್ನ."

ನನ್ನ ಅಂಕಗಳನ್ನು ನಂಬಿ ನೀನು ಬಿಟ್ಟೆ.

ಮೊದಲು ನಿನ್ನ ಸರದಿ. ನುಂಗುವ ಕುಳಿಯ ಬಳಿ ಬಂಗಾರ ಹೇಗೆ ಬಂತೆಂದು ತೀರ್ಪುಗಾರರು ಕೇಳಿದಾಗ ನೀನು ನನ್ನ ಕಡೆ ನೋಡಿದೆ. ನಾನು ಬೇಡವೆಂದು ತಲೆಯಾಡಿಸಿದೆ. ನೀನು ತಡವರಿಸಿ ಕುಳಿತುಬಿಟ್ಟೆ. ಆಮೇಲೆ ನಾನು ಎದ್ದು ಬೀಸುಕಲ್ಲಿನ ಮಾತು ಹೇಳಿದೆ. ಯಾರೂ ನಗಲಿಲ್ಲ.

ಆ ತರಬೇತಿಯ ದಾರಿ ಹಿಡಿದೇ ಇಂದು ಉಪನ್ಯಾಸಕಿಯಾಗಿದ್ದೇನೆ. ನೀನು ಚಿಗಟೇರಿಗೆ ಮದುವೆಯಾಗಿ ಹೋದೆ, ಓದು ಅಲ್ಲಿಗೇ ನಿಂತಿತು. ಪ್ರತಿ ವರ್ಷ ಆ ಪಾಠಕ್ಕೆ ನಿನ್ನ ಮಾತನ್ನೇ ಹೇಳುತ್ತೇನೆ. ವಿದ್ಯಾರ್ಥಿಗಳ ಕಣ್ಣು ಅರಳಿದಾಗ ಸಂತೋಷವಾಗುವುದಿಲ್ಲ. ನಿನ್ನ ಮೇಲೆ ಮತ್ತೆ ಹೊಟ್ಟೆ ಉರಿಯುತ್ತದೆ. ಈ ಸಲ ಅವರೆದುರು ನಿನ್ನ ಹೆಸರು ಹೇಳುತ್ತೇನೆ. ಅದರಿಂದ ಏನೂ ತೀರುವುದಿಲ್ಲ, ಗೊತ್ತು.

ಅಂದು ಪ್ರಿನ್ಸಿಪಾಲರು ಸರ್ಟಿಫಿಕೇಟು ಕೈಗಿತ್ತರು. ತಂಬ್ರಹಳ್ಳಿಯಿಂದ ಬಂದಿದ್ದ ನಮ್ಮವ್ವ ಅದನ್ನು ಇಸಿದುಕೊಂಡು ಎದೆಗೊತ್ತಿಕೊಂಡಳು. ಪಕ್ಕದಲ್ಲೇ ನಿಂತಿದ್ದ ನಿನ್ನ ಗಲ್ಲ ಸವರಿ, ಅಕ್ಕರೆಯಿಂದಲೇ ಹೇಳಿದಳು:

"ಹೇಮವ್ವ, ನೀನೂ ಇಕಿ ಕಡಿಂದ ಒಂದಿಷ್ಟು ಕಲಿಯವ್ವ."