ಅವ್ವನಿಗೆ ನಾನು ಕಲಿಸಿದ ಇಂಗ್ಲೀಷು

ಹೊಸ ಚಾರ್ಟಿನ ವಾಸನೆ ನಿಮಗೆ ಗೊತ್ತಿರಬಹುದು. ಸುರುಳಿ ಬಿಚ್ಚಿದ ಕೂಡಲೇ ಪ್ಲಾಸ್ಟಿಕ್ಕು, ಬಣ್ಣ, ಅಂಗಡಿಯ ಧೂಳು ಎಲ್ಲ ಸೇರಿ ಮೂಗಿಗೆ ಬಡಿಯುತ್ತದೆ. ಮೊನ್ನೆ ತಾಳವಾಡಿಯಿಂದ ನನ್ನ ಒಂದನೇ ತರಗತಿಗೆ ಅಂಥದೊಂದು ತಂದು ಗೋಡೆಗೆ ಹಚ್ಚುತ್ತಿದ್ದೆ. ಆಪಲ್‌ನಿಂದ ಝೀಬ್ರಾವರೆಗೆ ಇಪ್ಪತ್ತಾರು ಚಿತ್ರ. ಅವುಗಳಲ್ಲಿ ನಮ್ಮ ಮಕ್ಕಳು ದಿನಾ ಕಾಣುವಂಥವು ನಾಲ್ಕೋ ಐದೋ. ಆನೆಯನ್ನೂ ಸೇರಿಸಿದರೆ ಆರು. ಹಾಸನೂರು ಕಾಡುದಾರಿಯ ಬಸ್ಸು ಹತ್ತಿದರೆ ಅದೂ ಕಾಣುತ್ತದೆ.

ನಾನು ಓದಿದ ಚಾರ್ಟಿನಲ್ಲೂ ಅವ್ವನ ಕೈ ಸೋಕುವ ಒಂದು ಸಾಮಾನೂ ಇರಲಿಲ್ಲ. ಆ ಅವ್ವನಿಗೆ ಇಂಗ್ಲೀಷು ಕಲಿಸಿದವಳು ನಾನು. ಹೆಮ್ಮೆಯಿಂದ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ, ಸ್ವಲ್ಪ ತಾಳಿ.

ಆಗ ನಾನು ಎರಡನೇ ತರಗತಿ. ಅವ್ವ ಪಣಕಹಳ್ಳಿಯ ಯಜಮಾನರೊಬ್ಬರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಸಂಜೆ ಬಂದು ಒಲೆ ಹಚ್ಚಿ, ಪಕ್ಕದಲ್ಲಿ ನನ್ನನ್ನು ಕೂರಿಸಿಕೊಂಡು, "ಇವತ್ತೇನ್ ಕಲ್ಸುದ್ರು, ಯೋಳು ಮಗ" ಎನ್ನುತ್ತಿದ್ದಳು. ಕೌ ಎಂದರೆ ಕೌ, ಕ್ಯಾಟ್ ಎಂದರೆ ಕ್ಯಾಟ್, ಮುದ್ದೆ ತೊಳಸುತ್ತಲೇ ಒಪ್ಪಿಸುತ್ತಿದ್ದಳು. ಇಷ್ಟು ವಿಧೇಯ ಶಿಷ್ಯೆ ನನಗೆ ಮತ್ತೆ ಸಿಕ್ಕಿಲ್ಲ. ತಾಪತ್ರಯ ಶುರುವಾದದ್ದು ಅವಳು ಪುಸ್ತಕದಲ್ಲಿಲ್ಲದ್ದನ್ನು ಕೇಳಿದಾಗ.

"ಕುಡ್ಲುಗ ಏನಂತಾರ?"

ಕುಡುಗೋಲಿಗೆ ಏನನ್ನುತ್ತಾರೋ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದರೆ ಮೇಷ್ಟರ ಪಟ್ಟ ಹೋಗುತ್ತದೆ. ಆದರೆ ರೇಷನ್ ಗೊತ್ತಿತ್ತು, ಸ್ಟೇಷನ್ ಗೊತ್ತಿತ್ತು. ಇಂಗ್ಲೀಷಿನ ಗುಟ್ಟು ಪದದ ಕೊನೆಯಲ್ಲಿದೆ ಎಂದು ಅಂದಾಜಾಯಿತು.

"ಕುಡ್ಲೇಷನ್" ಎಂದೆ.

ಅವ್ವ ಮೆಚ್ಚಿ ತಲೆದೂಗಿದಳು. "ನಮ್ ಮಾತ್ಗ ಅತ್ರಾನೇ ಅದ ಕಣ."

ಅಲ್ಲಿಂದ ಮುಂದೆ ನನ್ನನ್ನು ಹಿಡಿಯುವವರಿರಲಿಲ್ಲ. ಕಳೆಗೆ ಕಳೇಷನ್, ಮುದ್ದೆಗೆ ಮುದ್ದೇಷನ್, ಒಲೆಗೆ ಒಲೇಷನ್. ಅವ್ವ ಕಲಿತದ್ದನ್ನು ಬಚ್ಚಿಟ್ಟುಕೊಳ್ಳುವವಳಲ್ಲ. ಜೊತೆಯಲ್ಲಿ ಕಳೆ ತೆಗೆಯುವ ಆರು ಹೆಂಗಸರಿಗೂ ಹೇಳಿಕೊಟ್ಟಳು. ಹೀಗೆ ಒಂದು ತಿಂಗಳು ಆ ಹೊಲದಲ್ಲಿ ನನ್ನ ಇಂಗ್ಲೀಷು ಸೊಂಪಾಗಿ ಬೆಳೆಯಿತು.

ಅಷ್ಟರಲ್ಲಿ ಯಜಮಾನರ ಮಗಳು ಹಬ್ಬಕ್ಕೆಂದು ಬಂದಳು. ಮೈಸೂರಿನ ಕಾನ್ವೆಂಟಿನಲ್ಲಿ ಓದುವವಳು. ಅವಳು ಹೊಲದ ಬದುವಿಗೆ ಬಂದು ನಿಂತಾಗ, ಅವ್ವ ಬೇಕೆಂತಲೇ ಗಟ್ಟಿಯಾಗಿ, "ಅಮ್ಮಾರೇ, ಆ ಕುಡ್ಲೇಷನ್ ಇತ್ತಾಗ್ ಕೊಡಿ" ಎಂದಳಂತೆ. ಆ ಹುಡುಗಿ ನಕ್ಕೂ ನಕ್ಕೂ ಬದುವಿನ ಮೇಲೆ ಕೂತುಬಿಟ್ಟಳಂತೆ. ಆಮೇಲೆ ಅಂಥ ಮಾತೇ ಇಲ್ಲವೆಂದು ಎಲ್ಲರೆದುರು ಹೇಳಿದಳಂತೆ.

ಸಂಜೆ ಅವ್ವ ಪಾಠ ಕೇಳಲಿಲ್ಲ.

"ಕುಡ್ಲೇಷನ್ ಅನ್ನದೇ ಇಲ್ವಂತಲ್ಲ" ಎಂದಳು.

"ಅವ್ಳ್‌ಗ ಗೊತ್ತಿಲ್ಲ ಕಣವ್ವ" ಎಂದೆ ನಾನು. ಧೈರ್ಯ ನೋಡಿ.

ಅವ್ವ ನನ್ನ ಮುಖವನ್ನೇ ನೋಡಿದಳು. ಅದರ ಬದಲು ಎರಡು ಬಾರಿಸಿದ್ದರೆ ಎಷ್ಟೋ ವಾಸಿಯಿತ್ತು. "ಗೊತ್ತಿಲ್ದಿದ್ರ ಗೊತ್ತಿಲ್ಲ ಅನ್ನು. ನಂಗ ಒಂದಕ್ಸರನೂ ಗೊತ್ತಿಲ್ಲ, ನಾನೇನ್ ಸತ್ತೋದ್ನಾ? ನಿನ್ ಮಾತ ನಂಬ್ಕಂಡು ಆರ್ ಜನುಕ್ಕ ಕಲ್ಸ್‌ಬುಟ್ಟೆ."

ನಾನು ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿದೆ.

ಬೆಳಿಗ್ಗೆ ಅವ್ವ ಒಂದು ಕೈಯಲ್ಲಿ ನನ್ನನ್ನು, ಇನ್ನೊಂದರಲ್ಲಿ ಕುಡುಗೋಲನ್ನು ಹಿಡಿದು ನೇರ ತರಗತಿಯೊಳಗೆ ನಡೆದಳು. ನಮ್ಮ ಸೀಮೆಯ ಮಾತು ಕನ್ನಡ, ಸೇರಿದ್ದು ತಮಿಳು ರಾಜ್ಯಕ್ಕೆ; ನಮ್ಮ ಮಿಸ್ ಬೆಟ್ಟದ ಕೆಳಗಿನ ತಮಿಳಿನವರು. ಕನ್ನಡವನ್ನು ನಮ್ಮಿಂದಲೇ ಕಲಿತದ್ದರಿಂದ ಅವರ ಕನ್ನಡದಲ್ಲಿ ಒಂದೆರಡು ಬೈಗುಳಗಳು ಅವರಿಗೇ ಗೊತ್ತಿಲ್ಲದಂತೆ ಸೇರಿಕೊಂಡಿದ್ದವು. ಕುಡುಗೋಲು ಕಂಡು ಮಿಸ್ ಅರ್ಧ ಹೆಜ್ಜೆ ಹಿಂದೆ ಸರಿದರು. ಅವ್ವ ಅದನ್ನು ಮೇಜಿನ ಮೇಲಿಟ್ಟಳು.

"ಇದುಕ್ಕ ಇಂಗ್ಲೀಸಲಿ ಏನಂತಾರ ಮಿಸ್? ನಿಜುವಾದ್ದ ಯೋಳಿ."

ಮಿಸ್ ನಗಲಿಲ್ಲ. 'ಸಿಕಲ್' ಎಂದು ಹಲಗೆಯ ಮೇಲೆ ಬರೆದರು. ಕಳೆಗೆ 'ವೀಡ್' ಎಂದರು. "ಮುದ್ದೆಗ?" ಎಂದಳು ಅವ್ವ. ಮಿಸ್ ಸೀಮೆಸುಣ್ಣ ಕೆಳಗಿಟ್ಟರು.

"ತಮಿಳಲ್ಲಿ ಕಳಿ ಅಂತೀವಿ. ಇಂಗ್ಲೀಷಲ್ಲಿ ನನಗೂ ಗೊತ್ತಿಲ್ಲಮ್ಮ."

ಅವ್ವ ತಿರುಗಿ ನನ್ನನ್ನು ನೋಡಿದಳು. ಕುಡುಗೋಲು ಎತ್ತಿಕೊಂಡು ಹೊರಟಳು. ಮಿಸ್ ಅವತ್ತಿನ ಪಾಠ ಬಿಟ್ಟು, 'ಐ ಡೋಂಟ್ ನೋ' ಎಂದು ಬರೆದು ನಮ್ಮೆಲ್ಲರ ಬಾಯಲ್ಲಿ ಹತ್ತು ಸಲ ಹೇಳಿಸಿದರು. ನಾವು ಕಲಿತ ಮೊದಲ ಪೂರ್ತಿ ವಾಕ್ಯ ಅದು. ಎರಡೆರಡಲ ಎಷ್ಟು ಎಂದರೂ, ನಿಮ್ಮಪ್ಪನ ಹೆಸರೇನು ಎಂದರೂ, ಒಂದು ವಾರ ಇಡೀ ತರಗತಿ ಅದನ್ನೇ ಹೇಳಿ ಮಿಸ್ಸಿನ ಜೀವ ತಿಂದಿತು.

ಅವ್ವ ಹೊಲಕ್ಕೆ ಹೋಗಿ, ಯಜಮಾನರ ಮಗಳ ಎದುರೇ, "ನಾ ಯೋಳ್ಕೊಟ್ಟದ್ದು ತಪ್ಪು, ಅದು ಸಿಕಲ್ಲು" ಎಂದು ಒಪ್ಪಿಕೊಂಡಳು. ಐವರು ತಿದ್ದಿಕೊಂಡರು. ಹಿರಿಯಳಾದ ಕೆಂಪಮ್ಮ ಮಾತ್ರ ಬಗ್ಗಲಿಲ್ಲ. "ಒಂದ್ಸಲ ಕಲ್ತಿದ್ದೀನಿ, ಇನ್ನೊಂದ್ಸಲ ನನ್ ಕೈಲಾಗಲ್ಲ" ಎಂದಳಂತೆ.

ಇದನ್ನೆಲ್ಲ ನೆನೆಯುತ್ತ ನಾನು ಚಾರ್ಟು ಹಚ್ಚಿ ಮುಗಿಸಿ ಇತ್ತ ತಿರುಗುವಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಿದ್ದಳು. ದೀಪಾವಳಿಗೆ ಗುಮಟಾಪುರದ ಮಾವನ ಮನೆಗೆ ಹೋಗಿ, ಅಲ್ಲಿನ ಗೊರೆಹಬ್ಬದಲ್ಲಿ ಸಗಣಿ ಎರಚಾಡುವುದನ್ನು ಕಣ್ತುಂಬ ನೋಡಿ ಬಂದವಳು.

"ಮಿಸ್, ಗೊರೆ ಅಬ್ಬುಕ್ಕ ಇಂಗ್ಲೀಸಲಿ ಏನಂತಾರ?"

ನಿಮ್ಮಲ್ಲಿ ಮುಚ್ಚಿಡುವುದೇನು, ಇಷ್ಟು ವರ್ಷದ ಮೇಲೂ ನಾಲಿಗೆಯ ತುದಿಗೆ ಸೊಗಸಾದ ಸುಳ್ಳೊಂದು ಬಂದು ಕೂತಿತ್ತು. ನುಂಗಿಕೊಂಡೆ. "ನಂಗೊತ್ತಿಲ್ಲ ಕಣವ್ವ" ಎಂದೆ.

ಅವಳು ನನ್ನನ್ನು ಕನಿಕರದಿಂದ ನೋಡಿದಳು.

"ಪರ್ವಾಗಿಲ್ಲ ಮಿಸ್" ಎಂದಳು. "ನಾಳಕ ಕೇಳ್ಕಂಡ್ ಬನ್ನಿ."